ಅಂಡಾಣುವನ್ನು ಮಲಗಿಸಿಟ್ಟವರು ಯಾರು?

ಬಾಸ್ಟನ್ನಿನ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಯಲ್ಲಿ ಆ ಇಲಿಗಳನ್ನು ಸಾಕಿದ್ದು ಬಸಿರಿನ ಬಗ್ಗೆ ತಿಳಿಯಲೆಂದಲ್ಲ. ರೊನಾಲ್ಡ್ ಡಿಪಿನೊ ಅವರ ಪ್ರಯೋಗಾಲಯಕ್ಕೆ ಬೇಕಿದ್ದುದು ಕ್ಯಾನ್ಸರಿನ ಸುಳಿವು. ಜೀವಕೋಶ ಬೇಕಾಬಿಟ್ಟಿ ಬೆಳೆಯದಂತೆ ಹಿಡಿದಿಡುವ ಪ್ರೋಟೀನುಗಳಲ್ಲಿ ಫಾಕ್ಸೋ ಎಂಬ ಮನೆತನವೊಂದಿದೆ. ಅದರ ಒಂದೊಂದೇ ಜೀನನ್ನು ಕಿತ್ತುಹಾಕಿದ ಇಲಿಗಳನ್ನು ತಯಾರಿಸಿ, ಏನಾಗುತ್ತದೆ ನೋಡೋಣ ಎಂದು ಹೊರಟಿದ್ದರು. ಫಾಕ್ಸೋ3ಎ ಎಂಬ ಸದಸ್ಯ ಇಲ್ಲದ ಇಲಿಗಳು ಹುಟ್ಟಿದವು, ಚೆನ್ನಾಗಿಯೇ ಬೆಳೆದವು. ಗಂಡುಗಳ ಸಂತಾನಶಕ್ತಿಗೆ ಏನೂ ಆಗಲಿಲ್ಲ. ಹೆಣ್ಣುಗಳೂ ಮೊದಮೊದಲು ಮರಿ ಹಾಕಿದವು. ಆಮೇಲೆ ಮರಿಗಳ ಸಂಖ್ಯೆ ಇಳಿಯುತ್ತ ಬಂದು, 15 ವಾರ ತುಂಬುವ ಹೊತ್ತಿಗೆ ಹೆಣ್ಣುಗಳೆಲ್ಲ ಬಂಜೆಯಾದವು. ಇಲಿಯ ಲೆಕ್ಕದಲ್ಲಿ ಅದು ತುಂಬು ಪ್ರಾಯ.

ಡಿಯೆಗೊ ಕ್ಯಾಸ್ಟ್ರಿಯೊನ್ ಈ ತಂಡದಲ್ಲಿದ್ದ ಪೆಥಾಲಜಿಸ್ಟ್. ಅಂಗಾಂಶದ ತೆಳು ಸೀಳನ್ನು ಗಾಜಿನ ಮೇಲಿಟ್ಟು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಓದುವುದೇ ಅವರ ಕಸುಬು. ಎರಡು ವಾರದ ಮಾಮೂಲಿ ಇಲಿಮರಿಯ ಅಂಡಾಶಯವನ್ನು ಹೀಗೆ ನೋಡಿದರೆ ಅಂಚಿನುದ್ದಕ್ಕೂ ಸಣ್ಣ ಸಣ್ಣ ಅಂಡಾಣುಗಳು ಕಾಣಸಿಗುತ್ತವೆ. ಒಂದೊಂದರ ಸುತ್ತಲೂ ಚಪ್ಪಟೆಯಾದ ಕೆಲವೇ ಕೋಶಗಳು ಮೈಗೆ ಅಂಟಿಕೊಂಡಿರುತ್ತವೆ. ಇವು ಇನ್ನೂ ಮಲಗಿರುವಂಥವು. ಒಳಭಾಗದಲ್ಲಿ ಎದ್ದು ಬೆಳೆಯಲು ಹೊರಟ ಅಂಡಾಣುಗಳು ಗಾತ್ರದಲ್ಲಿ ದೊಡ್ಡವು. ಅವುಗಳ ಸುತ್ತಲಿನ ಕೋಶಗಳು ಚಪ್ಪಟೆತನ ಬಿಟ್ಟು ಚೌಕನಾಗಿ, ಒಂದು ಪದರ ಎರಡಾಗಿ, ಎರಡು ನಾಲ್ಕಾಗಿ ದಪ್ಪಗಾಗುತ್ತಿರುತ್ತವೆ. ಫಾಕ್ಸೋ3ಎ ಇಲ್ಲದ ಮರಿಯ ಅಂಡಾಶಯ ಮಾತ್ರ ಹೊರನೋಟಕ್ಕೇ ದೊಡ್ಡದು. ಒಳಗೆ ನೋಡಿದರೆ ಮಲಗಿರಬೇಕಾದ ಅಂಡಾಣುಗಳೆಲ್ಲ ಒಟ್ಟಿಗೇ ಎದ್ದು ಊದಿಕೊಂಡಿದ್ದವು. ಸುತ್ತಲಿನ ಕೋಶಗಳು ಎಷ್ಟೋ ಕಡೆ ಇನ್ನೂ ಚಪ್ಪಟೆಯಾಗಿಯೇ ಇದ್ದವು, ಅವಕ್ಕೆ ಸುದ್ದಿಯೇ ಮುಟ್ಟದ ಹಾಗೆ. ಇಡೀ ಬದುಕಿಗೆಂದು ಇದ್ದ ದಾಸ್ತಾನು ಒಂದೇ ಸಲಕ್ಕೆ ಹೊರಬಿದ್ದು, ಮುಂದಿನ ವಾರಗಳಲ್ಲಿ ಸತ್ತುಹೋಯಿತು.

2003ರ ಜುಲೈನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಫಾಕ್ಸೋ3ಎಯ ಕೆಲಸ ಅಂಡಾಣು ಏಳದಂತೆ ಅದುಮಿ ಹಿಡಿಯುವುದು ಎಂದು ಅದರಲ್ಲಿ ಹೇಳಿದ್ದರು. ಇದರಲ್ಲೇನು ಅಂಥ ದೊಡ್ಡ ವಿಷಯ ಎನಿಸಬಹುದು. ಅಲ್ಲಿಯವರೆಗೆ ಈ ಕ್ಷೇತ್ರದಲ್ಲಿ ಹೆಚ್ಚಿನವರು ಕೇಳಿಕೊಂಡು ಬಂದಿದ್ದ ಪ್ರಶ್ನೆ ಬೇರೆ: ಮಲಗಿದ ಅಂಡಾಣುವನ್ನು ಎಬ್ಬಿಸುವುದು ಯಾವುದು? ಎಬ್ಬಿಸುವ ಹಾರ್ಮೋನು, ಎಬ್ಬಿಸುವ ಪ್ರೋಟೀನು, ಎಬ್ಬಿಸುವ ಸಂಕೇತಕ್ಕಾಗಿ ಹುಡುಕಾಟ ನಡೆದಿತ್ತು. ನಿದ್ದೆಗೆ ಕಾರಣ ಬೇಕು ಎಂದು ಹೆಚ್ಚಾಗಿ ಯಾರಿಗೂ ಹೊಳೆದಿರಲಿಲ್ಲ. ಸುಮ್ಮನಿರುವುದಕ್ಕೂ ಒಂದು ಕಾರಣ ಬೇಕೆ? ಬೇಕು ಎಂದವು ಬಾಸ್ಟನ್ನಿನ ಇಲಿಗಳು. ಬಾಗಿಲು ತಾನಾಗಿ ಮುಚ್ಚಿಕೊಂಡಿರಲಿಲ್ಲ, ಒಳಗಿನಿಂದ ಯಾರೋ ಹಗಲಿರುಳು ಒತ್ತಿ ಹಿಡಿದಿದ್ದರು. ಅವರು ಕೈಬಿಟ್ಟರೆ ಸಾಕು, ಹೊರಗಿನಿಂದ ಯಾರೂ ತಳ್ಳಬೇಕಿಲ್ಲ, ಅದು ತೆರೆದುಕೊಳ್ಳುತ್ತದೆ.

ಇದರ ತೂಕ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಂಡಾಣುವೂ ಅದನ್ನು ಸುತ್ತುವರಿದ ಪೋಷಕ ಕೋಶಗಳೂ ಸೇರಿದ ಪುಟ್ಟ ಘಟಕಕ್ಕೆ ಫಾಲಿಕಲ್ ಎನ್ನುತ್ತಾರೆ. ಮಕ್ಕಳಿಗಾಗಿ ಆಸ್ಪತ್ರೆಗೆ ಅಲೆದವರಿಗೆ, ಸ್ಕ್ಯಾನಿಂಗ್ ರಿಪೋರ್ಟ್ ಕೈಯಲ್ಲಿ ಹಿಡಿದು ಕೂತವರಿಗೆ ಈ ಪದ ಹೊಸದೇನಲ್ಲ. 1672ರಲ್ಲಿ ಡಚ್ ವೈದ್ಯ ರೆಗ್ನಿಯರ್ ಡೆ ಗ್ರಾಫ್ ಬೆಳೆದ ಫಾಲಿಕಲ್‌ಗಳನ್ನು ವರ್ಣಿಸಿ, ಅವೇ ಅಂಡಗಳು ಎಂದುಕೊಂಡ. ನಿಜವಾದ ಅಂಡಾಣು ಅದರೊಳಗಿನ ಒಂದು ಚುಕ್ಕಿ ಎಂದು 1827ರಲ್ಲಿ ಕಾರ್ಲ್ ಅರ್ನ್ಸ್ಟ್ ಫಾನ್ ಬೇಯರ್ ನಾಯಿಯ ಅಂಡಾಶಯದಲ್ಲಿ ಕಂಡುಕೊಂಡ. 1870ರಲ್ಲಿ ಜರ್ಮನಿಯ ವಾಲ್ಡೆಯರ್ ಇನ್ನೊಂದು ಮಾತು ಹೇಳಿದ: ಸಸ್ತನಿಯ ಹೆಣ್ಣು ತನ್ನ ಅಂಡಾಣುಗಳನ್ನೆಲ್ಲ ಹುಟ್ಟುವ ಆಸುಪಾಸಿನಲ್ಲೇ ಪಡೆದಿರುತ್ತದೆ, ಆಮೇಲೆ ಹೊಸದು ಹುಟ್ಟುವುದಿಲ್ಲ. ಇದನ್ನು ಎಲ್ಲರೂ ಒಪ್ಪಲಿಲ್ಲ. 1923ರಲ್ಲಿ ಅಮೆರಿಕದ ಎಡ್ಗರ್ ಆಲೆನ್ ಪ್ರತಿ ಋತುಚಕ್ರದಲ್ಲೂ ಹೊಸ ಅಂಡಾಣು ತಯಾರಾಗುತ್ತದೆ ಎಂದು ವಾದಿಸಿದ. 1951ರಲ್ಲಿ ಬರ್ಮಿಂಗ್‌ಹ್ಯಾಮಿನ ಸಾಲಿ ಜುಕರ್‌ಮನ್ ಅದುವರೆಗಿನ ಸಾಕ್ಷ್ಯವನ್ನೆಲ್ಲ ಒಟ್ಟು ಹಾಕಿ ವಾಲ್ಡೆಯರನೇ ಸರಿ ಎಂದ ಮೇಲೆ ವಾದ ಹೆಚ್ಚುಕಡಿಮೆ ತಣ್ಣಗಾಯಿತು. 2004ರಲ್ಲಿ ಬಾಸ್ಟನ್ನಿನವರೇ ಆದ ಜೊನಾಥನ್ ಟಿಲಿ ಅದನ್ನು ಮತ್ತೆ ಕೆದಕಿದರು. ಆ ಚರ್ಚೆ ವರ್ಷಗಟ್ಟಲೆ ನಡೆದರೂ ಬಹುಪಾಲು ವಿಜ್ಞಾನಿಗಳು ಹಳೆಯ ನಿಲುವಿನಲ್ಲೇ ಇದ್ದಾರೆ.

ಈ ಅಂಡಾಣುಗಳ ಲೆಕ್ಕ ಕೊಟ್ಟವರು ಟಿ. ಜಿ. ಬೇಕರ್. 1963ರಲ್ಲಿ ಅವರು ಮಾನವ ಭ್ರೂಣಗಳ ಅಂಡಾಶಯಗಳಲ್ಲಿ ಅಂಡಕೋಶಗಳನ್ನು ಎಣಿಸಿದರು. ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳಾದ ಹೆಣ್ಣು ಶಿಶುವಿನಲ್ಲಿ ಸುಮಾರು 70 ಲಕ್ಷ, ಹುಟ್ಟುವಾಗ ಸುಮಾರು 20 ಲಕ್ಷ. ಮೈನೆರೆಯುವ ವೇಳೆಗೆ ಮೂರು ನಾಲ್ಕು ಲಕ್ಷ ಉಳಿದರೆ ಹೆಚ್ಚು. ಬದುಕಿನುದ್ದಕ್ಕೂ ತಿಂಗಳಿಗೊಂದರಂತೆ ಬಿಡುಗಡೆಯಾಗುವವು ನಾನೂರರಷ್ಟು. ಸುಮಾರು ಸಾವಿರಕ್ಕೆ ಇಳಿದಾಗ ಮುಟ್ಟು ನಿಲ್ಲುತ್ತದೆ. ಎಲ್ಲ ಪ್ರಾಣಿಗಳ ಪಾಡೂ ಹೀಗಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಸ್. ಕೆ. ಸೈದಾಪುರ ಅವರು ಕಪ್ಪೆಯ ಅಂಡಾಶಯದ ಬಗ್ಗೆ, ಅಲ್ಲಿ ಫಾಲಿಕಲ್‌ಗಳು ಅರ್ಧಕ್ಕೆ ನಶಿಸುವ ಬಗೆಯ ಬಗ್ಗೆ ದೀರ್ಘ ಕಾಲ ಕೆಲಸ ಮಾಡಿದವರು. ಕಪ್ಪೆಗೆ ಬೆಳೆದು ದೊಡ್ಡದಾದ ಮೇಲೂ ಹೊಸ ಅಂಡಾಣು ಹುಟ್ಟಿಸುವ ಮೂಲಕೋಶಗಳು ಉಳಿದಿರುತ್ತವೆ. ಖರ್ಚಾದಷ್ಟನ್ನು ಅದು ಮುಂದಿನ ಮಳೆಗಾಲಕ್ಕೆ ತುಂಬಿಕೊಳ್ಳಬಲ್ಲದು. ನಮ್ಮಲ್ಲಿ ಆ ಸೌಲಭ್ಯ ಇಲ್ಲದ್ದರಿಂದಲೇ ಮಲಗಿರುವ ದಾಸ್ತಾನು ಯಾವ ವೇಗದಲ್ಲಿ ಕರಗುತ್ತದೆ ಎಂಬುದು ಇಷ್ಟು ಮುಖ್ಯವಾಗುವುದು.

ಅಂಡಾಣು ನಲವತ್ತು, ನಲವತ್ತೈದು ವರ್ಷ ಹಾಗೇ ಮಲಗಿರಬಲ್ಲದು. ಒಮ್ಮೆ ಎದ್ದರೆ ಮತ್ತೆ ಮಲಗುವ ದಾರಿ ಇಲ್ಲ. ತಿಂಗಳುಗಟ್ಟಲೆ ಬೆಳೆದು, ಕೊನೆಗೆ ಒಂದೋ ಬಿಡುಗಡೆಯಾಗಬೇಕು, ಇಲ್ಲವೇ ಸಾಯಬೇಕು, ಬಹುಪಾಲು ಸಾಯುತ್ತವೆ. ತಿಂಗಳ ಚಕ್ರವನ್ನು ನಡೆಸುವ ಎಫ್‌ಎಸ್‌ಎಚ್ ಹಾರ್ಮೋನೇ ಅವನ್ನು ಎಬ್ಬಿಸುತ್ತಿರಬೇಕು ಎಂದುಕೊಳ್ಳುವುದು ಸಹಜ. ಆದರೆ ಅದನ್ನು ಸುರಿಸುವ ಪಿಟ್ಯುಟರಿ ಗ್ರಂಥಿಯನ್ನೇ ತೆಗೆದ ಇಲಿಗಳಲ್ಲೂ, ಹುಟ್ಟಿನಿಂದಲೇ ಆ ಹಾರ್ಮೋನುಗಳ ಕೊರತೆ ಇರುವ ಇಲಿಗಳಲ್ಲೂ ಅಂಡಾಣುಗಳು ಏಳುತ್ತಲೇ ಇದ್ದವು. ಹುಡುಗಿ ಮೈನೆರೆಯುವ ಮೊದಲೂ ಏಳುತ್ತವೆ, ಬಸುರಿಯಲ್ಲೂ ಏಳುತ್ತವೆ. ಗರ್ಭನಿರೋಧಕ ಗುಳಿಗೆ ನುಂಗಿದಷ್ಟು ವರ್ಷ ಅಂಡಾಣು ಉಳಿತಾಯವಾಗುತ್ತದೆ ಎಂದು ನಂಬಿರುವವರಿದ್ದಾರೆ. ಗುಳಿಗೆ ತಡೆಯುವುದು ಕೊನೆಯ ಹಂತದ ಬಿಡುಗಡೆಯನ್ನು. ಕೆಳಗಿನ ದಾಸ್ತಾನು ಕರಗುವುದು ತನ್ನ ಪಾಡಿಗೆ ನಡೆದಿರುತ್ತದೆ.

ಫಾಕ್ಸೋ3ಎಗೆ ಮುಂಚೆ ಒಂದು ತಡೆ ಸಿಕ್ಕಿತ್ತು, ಅದನ್ನು ಹೇಳದೆ ಹೋದರೆ ತಪ್ಪಾದೀತು. ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್ 1947ರಲ್ಲಿ ಮೊಲದ ಭ್ರೂಣಗಳಲ್ಲಿ ಸುಳಿವು ಹಿಡಿದಿದ್ದ ಎಎಂಎಚ್ ಎಂಬ ಹಾರ್ಮೋನು ಗಂಡು ಭ್ರೂಣದಲ್ಲಿ ಗರ್ಭಕೋಶ ಬೆಳೆಯದಂತೆ ತಡೆಯುತ್ತದೆ. ದೊಡ್ಡವಳಾದ ಹೆಣ್ಣಿನಲ್ಲಿ ಅದಕ್ಕೇನು ಕೆಲಸ? ಹಾಲೆಂಡಿನ ರಾಟರ್‌ಡಾಮಿನಲ್ಲಿ ಆಕ್ಸೆಲ್ ಥೆಮ್ಮೆನ್ ಅವರ ತಂಡ 1999ರಲ್ಲಿ ಎಎಂಎಚ್ ಇಲ್ಲದ ಇಲಿಗಳನ್ನು ನೋಡಿದಾಗ ಅವುಗಳ ಮಲಗಿದ ಫಾಲಿಕಲ್‌ಗಳು ಬೇಗ ಬೇಗ ಖಾಲಿಯಾಗುತ್ತಿದ್ದವು. ಎದ್ದು ಬೆಳೆಯುತ್ತಿರುವ ಚಿಕ್ಕ ಫಾಲಿಕಲ್‌ಗಳು ಈ ಹಾರ್ಮೋನನ್ನು ಸುರಿಸಿ, ಪಕ್ಕದಲ್ಲಿ ಮಲಗಿದವರಿಗೆ ‘ನೀವು ಈಗಲೇ ಏಳಬೇಡಿ’ ಎನ್ನುತ್ತವೆ. ಇವತ್ತು ಬೆಂಗಳೂರಿನಿಂದ ಕಲಬುರಗಿಯವರೆಗೆ ಬಂಜೆತನದ ಚಿಕಿತ್ಸೆಗೆ ಹೋದವರಿಗೆಲ್ಲ ಬರೆದುಕೊಡುವ ಎಎಂಎಚ್ ಟೆಸ್ಟ್ ಇದೇ ಹಾರ್ಮೋನಿನದು. ಅದು ಎಣಿಸುವುದು ಎದ್ದವರನ್ನು. ಮಲಗಿದವರ ಸಂಖ್ಯೆಯನ್ನು ಅದರಿಂದ ಅಂದಾಜು ಮಾಡುತ್ತಾರೆ ಅಷ್ಟೆ. ರಿಪೋರ್ಟಿನ ಆ ಒಂದು ಅಂಕಿಯನ್ನು ನೋಡಿ ಎದೆ ಒಡೆದುಕೊಳ್ಳುವ ಹೆಣ್ಣುಮಕ್ಕಳಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳುವ ವೈದ್ಯರು ಇನ್ನಷ್ಟು ಜನ ಇರಬೇಕಿತ್ತು.

ಫಾಕ್ಸೋ ಮನೆತನದ ಹೆಸರು ಆ ಹೊತ್ತಿಗೆ ಇನ್ನೊಂದು ಕಡೆ ದೊಡ್ಡದಾಗಿತ್ತು. ಕ್ಯಾಲಿಫೋರ್ನಿಯಾದ ಸಿಂಥಿಯಾ ಕೆನ್ಯನ್ 1993ರಲ್ಲಿ ಮಿಲಿಮೀಟರ್ ಉದ್ದದ ದುಂಡುಹುಳುವೊಂದರ ಒಂದೇ ಜೀನನ್ನು ಕೆಡಿಸಿ ಅದರ ಆಯುಸ್ಸು ಇಮ್ಮಡಿಯಾದುದನ್ನು ತೋರಿಸಿದ್ದರು. ಆಯುಸ್ಸು ಹೆಚ್ಚಬೇಕಾದರೆ ಡ್ಯಾಫ್-16 ಎಂಬ ಇನ್ನೊಂದು ಜೀನು ಸರಿಯಾಗಿರಲೇಬೇಕಿತ್ತು. 1997ರಲ್ಲಿ ಗೊತ್ತಾಯಿತು, ಡ್ಯಾಫ್-16 ಎಂದರೆ ಹುಳುವಿನ ಫಾಕ್ಸೋ. ಆಹಾರ ಇಲ್ಲದ ಕಾಲದಲ್ಲಿ ಹುಳುವಿನ ಮರಿ ಬೆಳವಣಿಗೆ ನಿಲ್ಲಿಸಿ ತಿಂಗಳುಗಟ್ಟಲೆ ಮುದುಡಿ ಕೂರುವುದೂ ಇದೇ ಜೀನಿನ ಬಲದಿಂದ. ಒಳ್ಳೆಯ ಕಾಲ ಬರುವ ತನಕ ಬೆಳೆಯದೆ ಕಾಯುವ ವಿದ್ಯೆ ಹುಳುವಿನಲ್ಲೂ ಹೆಣ್ಣಿನ ಅಂಡಾಶಯದಲ್ಲೂ ಒಂದೇ ಮನೆತನದ ಪ್ರೋಟೀನಿನ ಕೈಯಲ್ಲಿದೆ.

ಬಾಸ್ಟನ್ನಿನ ಲೇಖನ ಒಂದು ಪ್ರಶ್ನೆಯನ್ನು ಬಾಕಿ ಉಳಿಸಿತ್ತು. ಇಲಿಯ ಮೈಯ ಪ್ರತಿ ಕೋಶದಿಂದಲೂ ಫಾಕ್ಸೋ3ಎ ತೆಗೆದಿದ್ದರು. ಹಾಗಾದರೆ ತಪ್ಪು ಎಲ್ಲಿಯದು? ಅಂಡಾಣುವಿನದೇ, ಸುತ್ತಲ ಕೋಶಗಳದೇ, ಅಥವಾ ದೂರದ ಇನ್ಯಾವುದೋ ಅಂಗದ್ದೇ? ಉತ್ತರ ಬಂದದ್ದು ಸ್ವೀಡನ್ನಿನ ಉತ್ತರದ ಉಮಿಯೊ ವಿಶ್ವವಿದ್ಯಾಲಯದಿಂದ. ಅಲ್ಲಿ ಕುಯಿ ಲಿಯು ಅವರ ಗುಂಪಿತ್ತು. 2008ರ ಲೇಖನದ ಲೇಖಕರ ಪಟ್ಟಿ ಓದಿದರೆ ನಮ್ಮ ಕಡೆಯ ಕಿವಿಗೆ ಪರಿಚಿತ ಹೆಸರುಗಳು: ಮೊದಲನೆಯವರೇ ಪ್ರದೀಪ್ ರೆಡ್ಡಿ, ಜೊತೆಗೆ ದೀಪಕ್ ಅಧಿಕಾರಿ, ಕೃಷ್ಣ ಜಾಗರ್ಲಮೂಡಿ, ಸಿಂಗಾರೆಡ್ಡಿ ರಾಜಾರೆಡ್ಡಿ. ಉತ್ತರಧ್ರುವ ವೃತ್ತಕ್ಕೆ ಅಷ್ಟೇನೂ ದೂರವಲ್ಲದ ಊರಿನಲ್ಲಿ ಇವರೆಲ್ಲ ಇಲಿಯ ಅಂಡಾಶಯದ ಸೀಳುಗಳನ್ನು ಎಣಿಸುತ್ತಿದ್ದರು.

ಇವರು ಹಿಡಿದದ್ದು ಪಿಟೆನ್ ಎಂಬ ಜೀನನ್ನು. ಇದೂ ಕ್ಯಾನ್ಸರ್ ಲೋಕದ್ದೇ, 1997ರಲ್ಲಿ ಗಡ್ಡೆ ತಡೆಯುವ ಜೀನೆಂದು ಗುರುತಾದದ್ದು. ಕೋಶದ ಹೊರಪೊರೆಗೆ ‘ಬೆಳೆ’ ಎಂಬ ಸಂಕೇತ ತಲುಪಿದಾಗ ಪಿಐ3ಕೆ ಎಂಬ ಕಿಣ್ವ ಪೊರೆಯ ಒಂದು ಜಿಡ್ಡಿನ ಅಣುವಿಗೆ ಫಾಸ್ಫೇಟ್ ತುಣುಕು ಸೇರಿಸುತ್ತದೆ. ಆ ಗುರುತು ಕಂಡೊಡನೆ ಆಕ್ಟ್ ಎಂಬ ಇನ್ನೊಂದು ಕಿಣ್ವ ಚುರುಕಾಗುತ್ತದೆ. ಪಿಟೆನ್ನಿನ ಕೆಲಸ, ಸೇರಿಸಿದ ಫಾಸ್ಫೇಟನ್ನು ಕಿತ್ತು ಎಲ್ಲವನ್ನೂ ಮೊದಲಿನಂತೆ ಮಾಡುವುದು. ಇಡೀ ಇಲಿಯಿಂದ ಪಿಟೆನ್ ತೆಗೆದರೆ ಅದು ಭ್ರೂಣದಲ್ಲೇ ಸಾಯುತ್ತದೆ. ಅಂಡಾಣುವಿನಿಂದ ಮಾತ್ರ, ಅದೂ ಮಲಗಿರುವ ಹಂತದಲ್ಲೇ ತೆಗೆಯಲು ಒಂದು ಉಪಾಯ ಬೇಕಿತ್ತು. ಅಮೆರಿಕದಲ್ಲಿ ಲ್ಯಾನ್ ಮತ್ತು ಕೂನಿ ಎಂಬವರು ಅಂಥ ಇಲಿ ತಳಿಯೊಂದನ್ನು ಆಗಲೇ ಸಿದ್ಧಪಡಿಸಿದ್ದರು: ಜಿಡಿಎಫ್9 ಎಂಬ ಜೀನು ಚಾಲೂ ಆಗುವ ಕೋಶದಲ್ಲಷ್ಟೇ ಕತ್ತರಿ ಆಡುತ್ತದೆ, ಮತ್ತು ಆ ಜೀನು ಚಾಲೂ ಆಗುವುದು ಅಂಡಾಣುವಿನಲ್ಲಿ. ಆವಿಷ್ಕಾರದ ಕತೆಗಳಲ್ಲಿ ಇಂಥ ಸಲಕರಣೆ ಮಾಡಿಕೊಟ್ಟವರ ಹೆಸರು ಸಾಮಾನ್ಯವಾಗಿ ಉದುರಿಹೋಗುತ್ತದೆ. ಇಲ್ಲಿ ಅವರೂ ಲೇಖಕರ ಪಟ್ಟಿಯಲ್ಲಿದ್ದಾರೆ ಎಂಬುದು ಸಮಾಧಾನ.

ಫಲಿತಾಂಶ ಬಾಸ್ಟನ್ನಿನದನ್ನೇ ಹೋಲುತ್ತಿತ್ತು. ಅಂಡಾಣುವಿನಲ್ಲಷ್ಟೇ ಪಿಟೆನ್ ಕಳೆದುಕೊಂಡ ಇಲಿಗಳಲ್ಲಿ ಮೂರು ವಾರ ಕಳೆಯುವಷ್ಟರಲ್ಲಿ ಮಲಗಿದ ದಾಸ್ತಾನೆಲ್ಲ ಎದ್ದಿತ್ತು. ಒಂದು ಸೂಲು ಸರಿಯಾಗಿ ಹಾಕಿದವು, ಆಮೇಲೆ ಅಂಡಾಶಯ ಬರಿದು. ಅಂಡಾಣುವನ್ನು ಹಿಡಿದಿಡುವ ಶಕ್ತಿ ಅಂಡಾಣುವಿನೊಳಗೇ ಇದೆ ಎಂಬುದು ಖಚಿತವಾಯಿತು. ಅದೇ ವರ್ಷ, ಡಲ್ಲಾಸಿಗೆ ಹೋಗಿ ನೆಲೆಸಿದ್ದ ಕ್ಯಾಸ್ಟ್ರಿಯೊನ್ ಅವರ ತಂಡ ಪಿಟೆನ್ನಿಗೂ ಫಾಕ್ಸೋಗೂ ಗಂಟು ಹಾಕಿತು. ಮಲಗಿದ ಅಂಡಾಣುವಿನಲ್ಲಿ ಫಾಕ್ಸೋ3 (ಫಾಕ್ಸೋ3ಎಯೇ) ಇರುವುದು ಕೋಶಕೇಂದ್ರದೊಳಗೆ, ಅಂದರೆ ಡಿಎನ್‌ಎ ಇರುವ ಜಾಗದಲ್ಲಿ. ಬಣ್ಣ ಹಾಕಿದ ಸೀಳಿನಲ್ಲಿ ಅಂಡಾಣುವಿನ ನಡುವಿನ ದುಂಡು ಮಾತ್ರ ಗಾಢವಾಗಿ ಕಾಣುತ್ತದೆ. ಎದ್ದ ಅಂಡಾಣುವಿನಲ್ಲಿ ಆ ದುಂಡು ಬಿಳಿಚಿಕೊಂಡು, ಬಣ್ಣವೆಲ್ಲ ಸುತ್ತಲಿನ ಕೋಶರಸಕ್ಕೆ ಹರಡಿರುತ್ತದೆ. ಆಕ್ಟ್ ಕಿಣ್ವ ಫಾಕ್ಸೋ3ಕ್ಕೆ ಫಾಸ್ಫೇಟ್ ಅಂಟಿಸಿ ಅದನ್ನು ಕೋಶಕೇಂದ್ರದಿಂದ ಹೊರದಬ್ಬಿರುತ್ತದೆ. ಪಕ್ಕಪಕ್ಕದಲ್ಲಿರುವ ಎರಡು ಅಂಡಾಣುಗಳಲ್ಲಿ ಯಾವುದು ಮಲಗಿದೆ, ಯಾವುದು ಎದ್ದಿದೆ ಎಂದು ಆ ಬಣ್ಣ ಇರುವ ಜಾಗ ನೋಡಿಯೇ ಹೇಳಬಹುದು.

ಇಷ್ಟಾದ ಮೇಲೆ ಹಳೆಯ ಪ್ರಶ್ನೆ ಮತ್ತೆ ಬಂತು. ಹಿಡಿದಿಟ್ಟವರು ಸಿಕ್ಕರು, ಬಿಡಿಸುವವರು ಯಾರು? ಲಿಯು ಅವರ ಗುಂಪು 2014ರಲ್ಲಿ ಕೊಟ್ಟ ಉತ್ತರ: ಸುತ್ತಲಿನ ಆ ಚಪ್ಪಟೆ ಕೋಶಗಳು. ಅವುಗಳಲ್ಲಿ ಎಂಟಾರ್ ಎಂಬ ಪ್ರೋಟೀನು ಚುರುಕಾದಾಗ ಅವು ಕಿಟ್ ಲಿಗ್ಯಾಂಡ್ ಎಂಬ ಸಂಕೇತವನ್ನು ಸುರಿಸುತ್ತವೆ, ಅದು ಅಂಡಾಣುವಿನ ಪೊರೆಯ ಮೇಲೆ ಕೂತು ಪಿಐ3ಕೆಯನ್ನು ಎಬ್ಬಿಸುತ್ತದೆ. ಮೊದಲು ಕಣ್ಣು ಬಿಡುವುದು ಸುತ್ತಲಿನವರು, ಆಮೇಲೆ ಅಂಡಾಣು. ಬಾಸ್ಟನ್ನಿನ ಇಲಿಗಳಲ್ಲಿ ಕ್ರಮ ತಪ್ಪಿ ಅಂಡಾಣು ಒಂದೇ ಎದ್ದಿತ್ತು.

ಈಗ ಕತೆ ಇನ್ನೊಂದು ಕಡೆಗೆ ಹೊರಳುತ್ತದೆ, ನನ್ನ ಮಟ್ಟಿಗೆ ಇದರ ಅತ್ಯಂತ ಸ್ವಾರಸ್ಯದ ಭಾಗ ಇದೇ. 1935ರಲ್ಲಿ ಷಿಕಾಗೋದ ಸ್ಟೈನ್ ಮತ್ತು ಲೆವೆಂತಾಲ್ ಎಂಬ ವೈದ್ಯರು ಮುಟ್ಟು ಸರಿಯಾಗಿ ಆಗದ, ಅಂಡಾಶಯ ದಪ್ಪಗಾಗಿದ್ದ ಏಳು ಹೆಂಗಸರ ಬಗ್ಗೆ ಬರೆದರು. ಇವತ್ತು ಮನೆಮನೆಯಲ್ಲಿ ಕೇಳಿಬರುವ ಪಿಸಿಓಎಸ್ ಅದು. ಅಂಡಾಶಯದಿಂದ ಒಂದು ಹೋಳನ್ನು ಕತ್ತರಿಸಿ ತೆಗೆದರೆ ಏಳೂ ಮಂದಿಗೆ ಮುಟ್ಟು ಕ್ರಮಕ್ಕೆ ಬಂತು, ಇಬ್ಬರು ಬಸುರಿಯಾದರು. ಕತ್ತರಿಸಿದರೆ ಯಾಕೆ ಸರಿಹೋಗುತ್ತದೆ? ಎಂಟು ದಶಕ ಇದಕ್ಕೆ ಸರಿಯಾದ ವಿವರಣೆ ಸಿಗಲಿಲ್ಲ. ಶಸ್ತ್ರವೈದ್ಯರು ಫಲ ಕಂಡು ಮಾಡುತ್ತ ಬಂದರು.

ಸ್ಟ್ಯಾನ್‌ಫೋರ್ಡಿನ ಏರನ್ ಶ್ವೆ ಮತ್ತು ಅವರ ಬಳಿ ಕೆಲಸ ಮಾಡಿ ಜಪಾನಿಗೆ ಮರಳಿದ ಕಜುಹಿರೊ ಕಾವಾಮುರಾ ಮೊದಲು ಹಿಡಿದದ್ದು ಪಿಟೆನ್ನಿನ ದಾರಿಯನ್ನೇ. ಪಿಟೆನ್ನನ್ನು ಸ್ವಲ್ಪ ಹೊತ್ತು ಅದುಮಿ ಹಿಡಿಯುವ ರಾಸಾಯನಿಕದಲ್ಲಿ ಇಲಿಯ ಅಂಡಾಶಯವನ್ನು ಅದ್ದಿಟ್ಟರೆ ಮಲಗಿದವು ಏಳುತ್ತವೆ, ಆ ಅಂಡಾಣುಗಳಿಂದ ಮರಿಗಳೂ ಹುಟ್ಟುತ್ತವೆ ಎಂದು 2010ರಲ್ಲಿ ತೋರಿಸಿದರು. ಅದರ ಮುಂದಿನ ಪ್ರಯೋಗಗಳಲ್ಲಿ ಇನ್ನೊಂದು ಕಂಡಿತು. ಹತ್ತು ದಿನದ ಇಲಿಮರಿಯ ಒಂದು ಅಂಡಾಶಯವನ್ನು ಇಡಿಯಾಗಿ, ಇನ್ನೊಂದನ್ನು ಮೂರು ತುಂಡು ಮಾಡಿ ದೊಡ್ಡ ಇಲಿಯ ಮೂತ್ರಪಿಂಡದ ಪೊರೆಯಡಿ ಕಸಿ ಮಾಡಿದಾಗ ಕತ್ತರಿಸಿದ್ದೇ ಹೆಚ್ಚು ಬೆಳೆದಿತ್ತು, ಯಾವ ಮದ್ದೂ ಇಲ್ಲದೆ. ಕಾರಣ ಹಿಪ್ಪೋ ಎಂಬ ಸಂಕೇತ ಜಾಲ. ಹಣ್ಣುನೊಣದಲ್ಲಿ ಅದು ಕೆಟ್ಟರೆ ಅಂಗಗಳು ವಿಪರೀತ ಊದಿಕೊಳ್ಳುತ್ತವೆ, ಅದಕ್ಕೇ ನೀರ್ಗುದುರೆಯ ಹೆಸರು. ಅಂಗ ಇಷ್ಟೇ ಬೆಳೆಯಬೇಕು ಎಂದು ಅಳತೆ ಕಾಯುವುದು ಅದರ ಕೆಲಸ. ಅಂಗಾಂಶವನ್ನು ಕತ್ತರಿಸಿದರೆ ಕೋಶಗಳೊಳಗಿನ ಆಕ್ಟಿನ್ ಅಣುಗಳು ಎಳೆಗಳಾಗಿ ಜೋಡಿಕೊಳ್ಳುತ್ತವೆ, ಹಿಪ್ಪೋದ ಹಿಡಿತ ಸಡಿಲವಾಗುತ್ತದೆ, ಯ್ಯಾಪ್ ಎಂಬ ಪ್ರೋಟೀನು ಕೋಶಕೇಂದ್ರಕ್ಕೆ ನುಗ್ಗಿ ಬೆಳವಣಿಗೆಯ ಜೀನುಗಳನ್ನು ಚಾಲೂ ಮಾಡುತ್ತದೆ. ಷಿಕಾಗೋದ ಚಾಕು ಏನು ಮಾಡುತ್ತಿತ್ತು ಎಂಬುದಕ್ಕೆ ಇದರಲ್ಲಿ ಒಂದು ಒಪ್ಪಬಹುದಾದ ಉತ್ತರ ಸಿಕ್ಕಿತು. ಅಲ್ಲಿ ಎಬ್ಬಿಸುತ್ತಿದ್ದದ್ದು ಅರ್ಧ ಬೆಳೆದು ನಿಂತ ಫಾಲಿಕಲ್‌ಗಳನ್ನು ಎಂಬ ವ್ಯತ್ಯಾಸ ಮಾತ್ರ ಇದೆ.

2013ರಲ್ಲಿ ಕಾವಾಮುರಾ ಎರಡನ್ನೂ ಸೇರಿಸಿ ಮನುಷ್ಯರ ಮೇಲೆ ಪ್ರಯೋಗ ಮಾಡಿದ ವರದಿ ಬಂತು. ನಲವತ್ತರೊಳಗೇ ಅಂಡಾಶಯ ಕೈಕೊಡುವ ಸ್ಥಿತಿ ನೂರು ಹೆಂಗಸರಲ್ಲಿ ಒಬ್ಬರಿಗಾದರೂ ಇರುತ್ತದೆ. ಅಂಥ 27 ಮಂದಿಯ ಅಂಡಾಶಯವನ್ನು ಲ್ಯಾಪರೊಸ್ಕೋಪಿಯಿಂದ ತೆಗೆದು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿಟ್ಟರು. ಮುಂದೆ ಅದನ್ನು ಕರಗಿಸಿ, ಒಂದೆರಡು ಮಿಲಿಮೀಟರಿನ ತುಣುಕುಗಳಾಗಿ ಕತ್ತರಿಸಿ, ಎರಡು ದಿನ ಮದ್ದಿನಲ್ಲಿ ನೆನೆಸಿ, ಅವರದೇ ಗರ್ಭನಾಳದ ಪೊರೆಯಡಿ ಮರಳಿ ಇಟ್ಟರು. 27ರಲ್ಲಿ 13 ಮಂದಿಯಲ್ಲಿ ಫಾಲಿಕಲ್ ಉಳಿದಿತ್ತು, 8 ಮಂದಿಯಲ್ಲಿ ಬೆಳೆಯಿತು, 5 ಮಂದಿಯಿಂದ ಬಲಿತ ಅಂಡಾಣು ಸಿಕ್ಕಿತು. ವರದಿ ಅಚ್ಚಾಗುವ ಹೊತ್ತಿಗೆ ಒಂದು ಮಗು ಹುಟ್ಟಿತ್ತು, ಇನ್ನೊಬ್ಬಾಕೆ ಬಸುರಿಯಾಗಿದ್ದಳು.

ಜಗತ್ತಿನ ಪತ್ರಿಕೆಗಳೆಲ್ಲ ಆ ಮಗುವಿನ ಸುದ್ದಿ ಬರೆದವು. ಉಳಿದ ಅಂಕಿಗಳನ್ನು ಓದಿದವರು ಕಡಿಮೆ. ಇಪ್ಪತ್ತೇಳು ಮಂದಿ ಶಸ್ತ್ರಚಿಕಿತ್ಸೆಗೆ ಮೈಯೊಡ್ಡಿದ್ದಕ್ಕೆ ಸಿಕ್ಕಿದ್ದು ಇಷ್ಟು. ಮರುವರ್ಷ ಎಡಿನ್‌ಬರೊದಲ್ಲಿ ಎವೆಲಿನ್ ಟೆಲ್ಫರ್ ಅವರ ಪ್ರಯೋಗಾಲಯ ಎಚ್ಚರಿಕೆ ಕೊಟ್ಟಿತು: ಪಿಟೆನ್ ಅದುಮಿದರೆ ಮಾನವ ಅಂಡಾಣುಗಳು ಏಳುವುದೇನೋ ನಿಜ, ಆದರೆ ಆಮೇಲಿನ ಬೆಳವಣಿಗೆ ಸರಿಯಾಗಿ ಆಗುವುದಿಲ್ಲ. ಪಿಟೆನ್ ಕ್ಯಾನ್ಸರ್ ತಡೆಯುವ ಜೀನು ಎಂಬುದನ್ನೂ ಮರೆಯುವಂತಿಲ್ಲ. ಮುಂದೆ ಕಾವಾಮುರಾ ಸಹಿತ ಹಲವರು ಮದ್ದು ಬಿಟ್ಟು ಬರೀ ಕತ್ತರಿಸುವ ವಿಧಾನಕ್ಕೆ ಇಳಿದರು. ಸ್ಪೇನಿನಲ್ಲಿ ಅದನ್ನು ಚೀಟಿ ಎತ್ತಿದಂತೆ ಗುಂಪು ಮಾಡಿ ಹೋಲಿಸಿ ನೋಡಿದಾಗ ಸ್ಕ್ಯಾನಿನಲ್ಲಿ ಫಾಲಿಕಲ್ ಹೆಚ್ಚು ಕಂಡವು, ಐವಿಎಫ್ ಫಲಿತಾಂಶ ಸುಧಾರಿಸಲಿಲ್ಲ. ‘ಅಂಡಾಶಯ ಪುನಶ್ಚೇತನ’ ಎಂಬ ಬೋರ್ಡು ಹಾಕಿ, ರಕ್ತದಿಂದ ತೆಗೆದ ಪಿಆರ್‌ಪಿ ಚುಚ್ಚುವ ಕ್ಲಿನಿಕ್‌ಗಳು ನಮ್ಮ ನಗರಗಳಲ್ಲೂ ಇವೆ. ಈ ಸಂಶೋಧನೆಗಳ ಹೆಸರು ಹೇಳಿ ಅದನ್ನು ಮಾರಿದರೆ ಅನುಮಾನಪಡುವುದೇ ಸರಿ.

ಏಳುವುದು ಲಾಭವೇ ಎಂಬ ಪ್ರಶ್ನೆಯನ್ನು ಇಸ್ರೇಲಿನ ಒಂದು ಕೆಲಸ ಬೇರೆ ದಿಕ್ಕಿನಿಂದ ಎತ್ತಿತು. ಕಿಮೋಥೆರಪಿ ತೆಗೆದುಕೊಂಡ ಹುಡುಗಿಯರಿಗೆ ಮುಟ್ಟು ಬೇಗ ನಿಲ್ಲುವುದುಂಟು. ಮದ್ದು ಮಲಗಿದ ಅಂಡಾಣುಗಳನ್ನು ನೇರವಾಗಿ ಕೊಲ್ಲುತ್ತದೆ ಎಂದೇ ಎಲ್ಲರೂ ತಿಳಿದಿದ್ದರು. ಡ್ರೋರ್ ಮೆಯಿರೊ ಅವರ ತಂಡ 2013ರಲ್ಲಿ ಸೈಕ್ಲೊಫಾಸ್ಫಮೈಡ್ ಕೊಟ್ಟ ಇಲಿಗಳನ್ನು ನೋಡಿದಾಗ ಕಂಡದ್ದು ಬೇರೆ. ಮದ್ದು ಬೆಳೆಯುತ್ತಿದ್ದ ಫಾಲಿಕಲ್‌ಗಳನ್ನು ಕೊಲ್ಲುತ್ತದೆ. ಜೊತೆಗೆ ಪಿಐ3ಕೆ ದಾರಿ ಚುರುಕಾಗಿ ಮಲಗಿದವೆಲ್ಲ ದುಡುದುಡು ಎದ್ದು ಹೊರಬಂದು ತಾವೂ ಖರ್ಚಾಗುತ್ತವೆ. ಎಎಂಎಚ್ ಸುರಿಸಿ ‘ಏಳಬೇಡಿ’ ಎನ್ನುತ್ತಿದ್ದವರೇ ಸತ್ತರೆ ಇನ್ನೇನಾದೀತು. ಏಳದಂತೆ ತಡೆಯುವ ಟೆಲ್ಲೂರಿಯಮ್ ಸಂಯುಕ್ತವೊಂದನ್ನು ಜೊತೆಗೆ ಕೊಟ್ಟಾಗ ಆ ಇಲಿಗಳ ದಾಸ್ತಾನು ಬಹಳಷ್ಟು ಉಳಿಯಿತು.

ಜಪಾನಿನ ಕ್ಯೂಶು ವಿಶ್ವವಿದ್ಯಾಲಯದಲ್ಲಿ ನಾಗಮತ್ಸು ಮತ್ತು ಹಯಾಶಿ 2019ರಲ್ಲಿ ಇನ್ನೂ ವಿಚಿತ್ರವಾದುದನ್ನು ಕಂಡರು. ಮಲಗಿದ ಅಂಡಾಣುವಿನ ಕೋಶಕೇಂದ್ರ ಸುಮ್ಮನಿರುವುದಿಲ್ಲ, ನಿಂತಲ್ಲೇ ಗಿರಗಿರ ಸುತ್ತುತ್ತಿರುತ್ತದೆ. ಸುತ್ತಲಿನ ಕೋಶಗಳೂ ನಾರಿನ ಜಾಲವೂ ಅದನ್ನು ಬಿಗಿಯಾಗಿ ಒತ್ತಿರುತ್ತವೆ. ಆ ಜಾಲವನ್ನು ಕಿಣ್ವದಿಂದ ಕರಗಿಸಿದರೆ ಫಾಕ್ಸೋ3 ಹೊರಬಂದು ಅಂಡಾಣು ಏಳುತ್ತದೆ. ಹೊರಗಿನಿಂದ ಒತ್ತಡ ಹಾಕಿದರೆ ನಿದ್ದೆ ಉಳಿಯುತ್ತದೆ. ಅಂದರೆ ಅಂಡಾಶಯ ಎಷ್ಟು ಬಿಗಿ, ಎಷ್ಟು ಸಡಿಲ ಎಂಬುದೂ ಈ ಲೆಕ್ಕದಲ್ಲಿದೆ.

ಒಂದು ಮಾತನ್ನು ಮಾತ್ರ ಮುಚ್ಚಿಡಬಾರದು. ಇವೆಲ್ಲ ಬಹುಪಾಲು ಇಲಿಯ ಕತೆ. ಯುರೋಪ್ ಮೂಲದ ಸುಮಾರು 2 ಲಕ್ಷ ಹೆಂಗಸರ ಜೀನುಗಳನ್ನು ಜಾಲಾಡಿ ಮುಟ್ಟು ನಿಲ್ಲುವ ವಯಸ್ಸನ್ನು ಹಿಂದುಮುಂದು ಮಾಡುವ 290 ತಾಣಗಳನ್ನು 2021ರಲ್ಲಿ ಪಟ್ಟಿ ಮಾಡಿದಾಗ ಅಲ್ಲಿ ಎದ್ದು ಕಂಡದ್ದು ಡಿಎನ್‌ಎ ರಿಪೇರಿ ಮಾಡುವ ಜೀನುಗಳು. ಮನುಷ್ಯರಲ್ಲಿ ದಾಸ್ತಾನು ಕರಗುವುದರಲ್ಲಿ ಅಂಡಾಣು ಏಳುವ ವೇಗದಷ್ಟೇ ಅದು ತನ್ನ ಡಿಎನ್‌ಎಯ ಗಾಯಗಳನ್ನು ಹೇಗೆ ನಿಭಾಯಿಸುತ್ತದೆ ಎಂಬುದೂ ಮುಖ್ಯ ಎಂದಾಯಿತು.

ಎಬ್ಬಿಸುವ ಮದ್ದಿಗಿಂತ ಮಲಗಿಸಿಡುವ ಮದ್ದಿನ ಕಡೆಗೆ ಈಗ ಕಣ್ಣು ಹೊರಳಿದೆ. ಅದರ ಹೆಸರು ರಾಪಮೈಸಿನ್. 1964ರಲ್ಲಿ ಕೆನಡಾದ ವೈದ್ಯರ ತಂಡವೊಂದು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದಿಂದ, ಅಲ್ಲಿನವರ ಮಾತಲ್ಲಿ ರಾಪಾ ನುಯಿಯಿಂದ, ಮಣ್ಣಿನ ಮಾದರಿ ತಂದಿತ್ತು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿ ಮಾಂಟ್ರಿಯಲ್‌ನ ಔಷಧ ಕಂಪನಿಯೊಂದರಲ್ಲಿದ್ದ ಸುರೇಂದ್ರನಾಥ ಸೆಹಗಲ್ ಆ ಮಣ್ಣಿನ ಬ್ಯಾಕ್ಟೀರಿಯಾದಿಂದ ಇದನ್ನು ಬೇರ್ಪಡಿಸಿದರು. ಕಂಪನಿ ಆ ಪ್ರಯೋಗಾಲಯ ಮುಚ್ಚಿದಾಗ ಬ್ಯಾಕ್ಟೀರಿಯಾದ ಸೀಸೆಗಳನ್ನು ಮನೆಯ ಫ್ರೀಜರಿನಲ್ಲಿ ಇಟ್ಟುಕೊಂಡೇ ಊರು ಬದಲಿಸಿದರು. ಅದು ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಂತೆ ಕಾಯುವ ಮದ್ದಾಯಿತು. ಅದು ಹೋಗಿ ಹಿಡಿಯುವ ಪ್ರೋಟೀನಿಗೆ ಎಂಟಾರ್ ಎಂಬ ಹೆಸರು ಬಂದದ್ದೂ ಅದರಿಂದಲೇ. ಅಂಡಾಣುವಿನಲ್ಲಿ ಪಿಟೆನ್ ಇಲ್ಲದ ಇಲಿಗಳಿಗೆ ರಾಪಮೈಸಿನ್ ಕೊಟ್ಟರೆ ಮಲಗಿದವು ಒಟ್ಟಿಗೇ ಏಳುವುದನ್ನು ತಡೆಯಬಹುದು ಎಂದು ದೀಪಕ್ ಅಧಿಕಾರಿ, ಲಿಯು ಮತ್ತಿತರರು 2013ರಲ್ಲಿ ತೋರಿಸಿದರು.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜೆವ್ ವಿಲಿಯಮ್ಸ್ ಮತ್ತು ಯೂಸಿನ್ ಸೂ ಹೆಂಗಸರಲ್ಲೇ ಇದನ್ನು ಪರೀಕ್ಷಿಸುವ ಪ್ರಯೋಗ ಆರಂಭಿಸಿದರು. ವಾರಕ್ಕೊಂದು ಸಲ, ಕಡಿಮೆ ಪ್ರಮಾಣದಲ್ಲಿ, ಕೆಲವು ವಾರಗಳ ಕಾಲ. ಅರ್ಧದಷ್ಟು ಮಂದಿಗೆ ಮದ್ದು, ಉಳಿದವರಿಗೆ ಮದ್ದಿಲ್ಲದ ಬರೀ ಗುಳಿಗೆ. ಎಎಂಎಚ್ ಅಳೆದು, ಸ್ಕ್ಯಾನಿನಲ್ಲಿ ಫಾಲಿಕಲ್ ಎಣಿಸಿ ಫಲ ನೋಡುವುದು ಅವರ ಯೋಜನೆ. ಮಲಗಿದವರನ್ನು ಎಣಿಸುವ ಟೆಸ್ಟು ಅವರ ಬಳಿಯೂ ಇಲ್ಲ.